ಮೊನ್ನೆಬಾ ತನ್ನ ಜನರನ್ನೇ ಮಾರಿದನೇ?

ಪ್ರಶ್ನೆ: ನಾನು ಯಲ್ಲಾಪುರ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ಕೇಳಿದ: "ಆಫ್ರಿಕಾದ ರಾಜರೇ ತಮ್ಮ ಜನರನ್ನು ಮಾರಿದರಂತೆ. ಮತ್ತೆ ಯುರೋಪಿನವರನ್ನು ಯಾಕೆ ಬೈಯಬೇಕು ಸಾರ್?" ಉದಾಹರಣೆಗೆ ಹುಡುಕಿದಾಗ ಕ್ಯಾಮರೂನಿನ ಡುವಾಲಾ ಜನರ ಮೊನ್ನೆಬಾ ಎಂಬ ರಾಜನ ಹೆಸರು ಸಿಕ್ಕಿತು. ಇವನು ಎಂಥ ರಾಜ? ಆ ಹುಡುಗ ಹೇಳಿದ್ದು ನಿಜವೇ? ಇನ್ನೊಂದು ಮಾತು, ನಮ್ಮ ಭಾಗದ ಸಿದ್ದಿಗಳು ಬಂದದ್ದು ಅಲ್ಲಿಂದಲೇ?

ಉತ್ತರ:

ಮೇಷ್ಟ್ರೇ, ಆ ಹುಡುಗನನ್ನು ಗದರಿಸಿ ಕೂರಿಸದೆ ಪ್ರಶ್ನೆಯನ್ನು ಇಲ್ಲಿಗೆ ಕಳಿಸಿದ್ದೀರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಈ ಪ್ರಶ್ನೆಯನ್ನು ದೊಡ್ಡವರೂ ಕೇಳುತ್ತಾರೆ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮೊನ್ನೆಬಾ ಹಡಗಿನವರಿಗೆ ಮನುಷ್ಯರನ್ನು ಮಾರಿದ್ದು ನಿಜ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ "ರಾಜ" ಅನ್ನೋ ಪದವೂ "ತಮ್ಮ ಜನ" ಅನ್ನೋ ಪದವೂ ಅವನಿಗೆ ಸರಿಯಾಗಿ ಹೊಂದುವುದಿಲ್ಲ. ಈ ಎರಡು ಪದಗಳನ್ನು ಬಿಡಿಸಿದರೆ ಹುಡುಗನ ಪ್ರಶ್ನೆಗೂ ದಾರಿ ಸಿಗುತ್ತದೆ.

ಊರು ಎಲ್ಲಿದೆ ಅಂತ ನೋಡೋಣ. ಆಫ್ರಿಕಾದ ಪಶ್ಚಿಮ ಕರಾವಳಿ ಒಳಕ್ಕೆ ಬಾಗಿ ಮೂಲೆಯಾಗುವ ಕಡೆ ಕ್ಯಾಮರೂನ್ ಇದೆ. ಅಲ್ಲಿ ವೂರಿ, ಮುಂಗೋ, ದಿಬಾಂಬಾ ಎಂಬ ಮೂರು ನದಿಗಳು ಒಂದೇ ಅಗಲವಾದ ಅಳಿವೆಗೆ ಬಂದು ಸಮುದ್ರ ಸೇರುತ್ತವೆ. ದಂಡೆಯುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರು, ಉಪ್ಪುನೀರು. ಅಘನಾಶಿನಿಯ ಅಳಿವೆ ನೋಡಿದವರಿಗೆ ಚಿತ್ರ ಕಣ್ಣಿಗೆ ಬರುತ್ತದೆ, ಅದನ್ನು ಎಷ್ಟೋ ಪಟ್ಟು ಹಿಗ್ಗಿಸಿಕೊಳ್ಳಿ. ಪಕ್ಕದಲ್ಲೇ 4,000 ಮೀಟರ್ ಮೀರಿದ ಜ್ವಾಲಾಮುಖಿ ಬೆಟ್ಟವೂ ಇದೆ. 1472ರ ಸುಮಾರಿಗೆ ಪೋರ್ಚುಗೀಸ್ ನಾವಿಕರು ಈ ಕರಾವಳಿಗೆ ಬಂದರು. ನದಿಯಲ್ಲಿ ಸಿಗಡಿಯಂಥ ಜೀವಿಗಳು ರಾಶಿ ರಾಶಿ ಇದ್ದವು. ಅದಕ್ಕೇ "ಸಿಗಡಿ ನದಿ", ಅಂದರೆ ರಿಯೊ ದೋಸ್ ಕಮರೋಯ್ಸ್, ಅಂತ ಹೆಸರಿಟ್ಟರು. ಕ್ಯಾಮರೂನ್ ಅನ್ನೋ ಹೆಸರು ಹುಟ್ಟಿದ್ದು ಹೀಗೆ.

ಡುವಾಲಾ ಜನ ಹೇಳಿಕೊಳ್ಳುವ ಕಥೆಯಲ್ಲಿ ಅವರ ಮೂಲಪುರುಷ ಎಂಬೆದಿ. ದಿಬಾಂಬಾ ಕಡೆಯ ಪಿಟಿ ಎಂಬಲ್ಲಿ ಅವನ ವಾಸ. ಅವನ ಮಗ ಎವಾಲೆ ಅಲ್ಲಿಂದ ಹೊರಟು ವೂರಿ ಅಳಿವೆಗೆ ಬಂದ. "ಡುವಾಲಾ" ಅನ್ನೋ ಹೆಸರು ಈ ಎವಾಲೆಯಿಂದಲೇ ಬಂತು ಅಂತ ಅವರ ನಂಬಿಕೆ. ಅಳಿವೆ ಆಗ ಖಾಲಿ ಇರಲಿಲ್ಲ. ಬಾಸ್ಸಾ, ಬಕೋಕೊ ಜನ ಅಲ್ಲಿದ್ದರು. ಡುವಾಲಾಗಳು ನಿಧಾನವಾಗಿ ಅವರನ್ನು ಒಳಕ್ಕೆ ಸರಿಸಿ ನೀರಿನ ಬಾಯಿಯನ್ನು ಹಿಡಿದರು. ಈ ಮಾತು ನೆನಪಿರಲಿ, ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಇವರ ಹೆಸರುಗಳನ್ನು ಓದುವುದು ಸುಲಭ. ನಡುವೆ ಬರುವ "ಅ" ಅಂದರೆ "ಇಂಥವನ ಮಗ". ಎವಾಲೆ ಅ ಎಂಬೆದಿ, ಅಂದರೆ ಎಂಬೆದಿಯ ಮಗ ಎವಾಲೆ. ನಮ್ಮಲ್ಲಿ ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡ ಹಾಗೇ. ಎವಾಲೆಯ ಮಗ ಮುಲೋಬೆ ಅ ಎವಾಲೆ. ಇತ್ತ 17ನೇ ಶತಮಾನದ ಡಚ್ಚರ ಬರಹಗಳಲ್ಲಿ ಈ ನದಿಯ ಮುಖ್ಯಸ್ಥನಾಗಿ "ಮೊನ್ನೆಬಾ" ಬರುತ್ತಾನೆ. ಕಾಲ 1630ರ ದಶಕ. ಈಗಿನ ಡುವಾಲಾ ನಗರ ಇರುವ ಕಡೆಯೇ ಅವನ ಹಳ್ಳಿ. ಮುಲೋಬೆ ಅನ್ನೋದನ್ನೇ ಡಚ್ಚರ ಕಿವಿ ಮೊನ್ನೆಬಾ ಅಂತ ಕೇಳಿಸಿಕೊಂಡಿರಬೇಕು, ಇಬ್ಬರೂ ಒಬ್ಬನೇ ಇರಬೇಕು ಅಂತ ಇತಿಹಾಸಕಾರರ ಊಹೆ. ಹೆಸರಿನ ಹೋಲಿಕೆ ಇದೆ. ವಂಶಾವಳಿಯ ತಲೆಮಾರು ಎಣಿಸಿದರೆ ಕಾಲವೂ ಹೆಚ್ಚುಕಡಿಮೆ ಕೂಡುತ್ತದೆ. ನನಗೂ ಈ ಊಹೆ ಒಪ್ಪಿಗೆ. ಆದರೂ ಮಕ್ಕಳಿಗೆ ಹೇಳುವಾಗ ಊಹೆಯನ್ನು ಊಹೆ ಅಂತಲೇ ಹೇಳಿ.

ಗಮನಿಸಬೇಕಾದದ್ದು ಇನ್ನೊಂದಿದೆ. ಮೊನ್ನೆಬಾನ ಒಂದು ಮಾತೂ ನಮ್ಮ ಕೈಗೆ ಬಂದಿಲ್ಲ. ಅವನ ಬಗ್ಗೆ ಬರೆದವರು ಹಡಗಿನವರು, ಅಥವಾ ಹಡಗಿನವರ ವರದಿ ಇಟ್ಟುಕೊಂಡು ಹಾಲೆಂಡಿನಲ್ಲಿ ಕೂತು ಪುಸ್ತಕ ಮಾಡಿದವರು. ಅವರಿಗೆ ಬೇಕಿದ್ದದ್ದು ಎಲ್ಲಿ ಲಂಗರು ಹಾಕಬೇಕು, ಯಾರ ಜೊತೆ ಮಾತಾಡಬೇಕು, ಏನು ಸಿಗುತ್ತದೆ ಅನ್ನೋದಷ್ಟೇ. ಅವನು ಹೇಗಿದ್ದ, ಏನು ಯೋಚಿಸಿದ ಅಂತ ಯಾರೂ ಬರೆದಿಡಲಿಲ್ಲ. ಆ ಬರಹಗಳಲ್ಲಿ ಮೊದಲು ಕಾಣುವ ಸರಕು ಆನೆದಂತ. ಅದರ ಜೊತೆ ಮನುಷ್ಯರು.

ಈಗ "ರಾಜ" ಪದಕ್ಕೆ ಬರೋಣ.

ರಾಜ ಅಂದ ಕೂಡಲೇ ನಮ್ಮ ಮಕ್ಕಳಿಗೆ ಮೈಸೂರೋ ವಿಜಯನಗರವೋ ನೆನಪಾಗುತ್ತದೆ. ಕೋಟೆ, ಸೈನ್ಯ, ಕಂದಾಯ, ದಂಡನಾಯಕ. ಡುವಾಲಾಗಳಲ್ಲಿ ಇದ್ಯಾವುದೂ ಇರಲಿಲ್ಲ. ಅವರದು ಕುಲಗಳ ಸಮಾಜ. ಒಬ್ಬ ಪೂರ್ವಜನ ಮಕ್ಕಳು, ಮೊಮ್ಮಕ್ಕಳು, ಅವರನ್ನು ಸೇರಿಕೊಂಡವರು, ಎಲ್ಲರೂ ಒಂದು ಕೇರಿ. ಆ ಕೇರಿಗೊಬ್ಬ ಹಿರಿಯ. ಇಂದಿಗೂ ಡುವಾಲಾ ನಗರದ ಬಡಾವಣೆಗಳ ಹೆಸರು "ಬೊನಾ" ಅಂತ ಶುರುವಾಗುತ್ತವೆ. ಬೊನಾಬೆರಿ, ಬೊನಂಜೊ, ಬೊನಾಪ್ರಿಸೊ. ಬೊನಾ ಅಂದರೆ ಇಂಥವನ ಮಕ್ಕಳು, ಮನೆತನದವರು. ಊರಿನ ನಕಾಶೆಯಲ್ಲೇ ವಂಶಾವಳಿ ಕಾಣುತ್ತದೆ, ಎಷ್ಟು ಚಂದ ಅಲ್ವಾ.

ಇಂಥ ಹಿರಿಯನನ್ನು "ಕಿಂಗ್" ಅಂತ ಕರೆದವರು ಹಡಗಿನವರು. ಅವರಿಗೆ ಮಾತಾಡಲು ಒಬ್ಬ ಯಜಮಾನ ಬೇಕಿತ್ತು. ಹಡಗು ಬಂದಾಗ ಮೊದಲು ಅವನಿಗೆ ಕಾಣಿಕೆ, ಸುಂಕ ಕೊಟ್ಟು ಆಮೇಲೆ ವ್ಯಾಪಾರ ಶುರು. ಸುಂಕ ಯಾರ ಕೈಗೆ ಬರುತ್ತದೋ ಅವನಿಗೆ ಬಟ್ಟೆ, ಲೋಹ, ಮುಂದೆ ಬಂದೂಕು, ಎಲ್ಲಾ ಹಂಚುವ ಶಕ್ತಿ ಬರುತ್ತದೆ. ಹಂಚುವವನ ಸುತ್ತ ಜನ ಸೇರುತ್ತಾರೆ. ಕಿಂಗ್ ಅಂತ ಕರೆಸಿಕೊಂಡವನು ಹೀಗೆ ನಿಧಾನವಾಗಿ ದೊಡ್ಡವನಾಗುತ್ತಿದ್ದ. ಹಾಗಂತ ಅವನ ಮಾತು ಎಲ್ಲರ ಮೇಲೂ ನಡೆಯುತ್ತಿರಲಿಲ್ಲ. ಪಕ್ಕದ ಕೇರಿಯವನು ಬಲವಾದರೆ ತಾನೇ ಹಡಗಿಗೆ ಹೋಗಿ ವ್ಯಾಪಾರ ಮಾಡುತ್ತಿದ್ದ. 1814ರಲ್ಲಿ ಹಾಗೇ ಆಯಿತು. ಬೆಲೆ ಅ ದೋ ಎಂಬ ಮುಖ್ಯಸ್ಥನಿಂದ ಎನ್‌ಗಾಂಡೊ ಅ ಕ್ವಾ ಎಂಬವನು ಬೇರೆಯಾದ. ಅಂದಿನಿಂದ ಒಂದೇ ದಂಡೆಯಲ್ಲಿ ಇಬ್ಬರು ಕಿಂಗ್‌ಗಳು, ಕಿಂಗ್ ಬೆಲ್ ಮತ್ತು ಕಿಂಗ್ ಅಕ್ವಾ. ಮುಂದೆ ಅಕ್ವಾ ಮನೆತನದಿಂದ ದೆಯ್ಡೊದವರೂ ಬೇರೆಯಾದರು. (ಬೆಲೆ ಅನ್ನೋದು ಡುವಾಲಾ ಹೆಸರು, ಇಂಗ್ಲಿಷರ ಬಾಯಲ್ಲಿ ಬೆಲ್ ಆಯಿತು. ನಮ್ಮ ಕನ್ನಡದ "ಬೆಲೆ"ಗೂ ಇದಕ್ಕೂ ಸಂಬಂಧ ಇಲ್ಲ. ಮಕ್ಕಳು ಕೇಳಿಯೇ ಕೇಳುತ್ತಾರೆ.)

ಇನ್ನು "ತಮ್ಮ ಜನ". ಹುಡುಗನ ಪ್ರಶ್ನೆಯ ಮುಳ್ಳು ಇರುವುದು ಇಲ್ಲಿ.

ಈ ವ್ಯಾಪಾರದಲ್ಲಿ ಮಾರಾಟವಾದವರಲ್ಲಿ ಹೆಚ್ಚಿನವರು ಡುವಾಲಾಗಳಲ್ಲ. ನದಿಗಳ ಮೇಲ್ಭಾಗದವರು. ಮುಂದೆ ವ್ಯಾಪಾರ ಬೆಳೆದಾಗ ಇನ್ನೂ ದೂರದ ಹುಲ್ಲುಗಾವಲು ಬೆಟ್ಟಸೀಮೆಯವರು, ಇಂದು ಬಾಮಿಲೆಕೆ ಅಂತ ಕರೆಯುವ ಜನರ ನಾಡಿನವರು. ಡುವಾಲಾಗಳು ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಅವರ ಬಲ ಇದ್ದದ್ದು ದೋಣಿಯಲ್ಲಿ. ಒಂದೇ ಮರ ಕೊರೆದು ಮಾಡಿದ ಉದ್ದನೆಯ ದೋಣಿಗಳು, ಹತ್ತಾರು ಜನ ಹುಟ್ಟು ಹಾಕುವಂಥವು. ದೋಣಿ ಎಲ್ಲಿವರೆಗೆ ಹೋಗುತ್ತದೋ ಅಲ್ಲಿವರೆಗೆ ಅವರ ವ್ಯಾಪಾರ. ಅದರಿಂದಾಚೆಗೆ ಬೇರೆಯವರು. ಬೆಟ್ಟದಲ್ಲಿ ಒಬ್ಬ ಸೆರೆಸಿಕ್ಕ. ಅವನನ್ನು ಒಬ್ಬ ಇನ್ನೊಬ್ಬನಿಗೆ ಮಾರಿದ, ಆ ಇನ್ನೊಬ್ಬ ಮತ್ತೊಬ್ಬನಿಗೆ. ಹೀಗೆ ಕೈ ಬದಲಾಗುತ್ತಾ ನದಿದಂಡೆಗೆ ಬಂದಾಗ ಡುವಾಲಾ ದೋಣಿ ಕಾಯುತ್ತಿರುತ್ತಿತ್ತು. ಯುದ್ಧದಲ್ಲಿ ಸಿಕ್ಕವರು, ಸಾಲ ತೀರಿಸಲಾರದವರು, ಮಾಟ ಮಾಡಿದ ಆರೋಪ ಹೊತ್ತವರು, ದಾರಿಯಲ್ಲಿ ಹಿಡಿದೊಯ್ದ ಮಕ್ಕಳು, ಎಲ್ಲರೂ ಈ ದಾರಿಯಲ್ಲಿ ಬಂದರು.

ನಿಮ್ಮ ಕಡೆಯವರಿಗೆ ಅಡಿಕೆ ಮಂಡಿ ಗೊತ್ತು. ದಲ್ಲಾಳಿ ತೋಟ ಮಾಡಿದವನೂ ಅಲ್ಲ, ಅಡಿಕೆ ತಿನ್ನುವವನೂ ಅಲ್ಲ. ಇಬ್ಬರ ನಡುವೆ ನಿಂತವನು. ಮೊನ್ನೆಬಾ ನಿಂತ ಜಾಗ ಅಂಥದ್ದು. ಈ ಹೋಲಿಕೆ ವ್ಯವಹಾರದ ದಾರಿ ತೋರಿಸಲು ಮಾತ್ರ. ಇಲ್ಲಿ ಚೀಲದಲ್ಲಿ ತುಂಬಿದ್ದು ಅಡಿಕೆಯಲ್ಲ, ಉಸಿರಾಡುವ ಮನುಷ್ಯರು. ಕ್ಲಾಸಿನಲ್ಲಿ ಹೇಳುವುದಾದರೆ ಇದನ್ನೂ ಸೇರಿಸಿಯೇ ಹೇಳಿ.

"ಆಫ್ರಿಕನ್ನರು" ಅನ್ನೋ ಒಂದು ಗುಂಪು ಆಗ ಯಾರ ತಲೆಯಲ್ಲೂ ಇರಲಿಲ್ಲ. ಮೊನ್ನೆಬಾಗೆ ತನ್ನವರು ಅಂದರೆ ತನ್ನ ಕುಲದವರು. ಬೆಟ್ಟದಿಂದ ಬಂದವನ ಭಾಷೆಯೇ ಅವನಿಗೆ ತಿಳಿಯದು. ಇಬ್ಬರ ಚರ್ಮದ ಬಣ್ಣ ಒಂದೇ ಅಂತ ನೋಡಿ "ನಿಮ್ಮವರೇ" ಅಂತ ಒಟ್ಟುಗೂಡಿಸಿದ್ದು ಹೊರಗಿನವರ ಕಣ್ಣು. ಡಚ್ಚರೂ ಸ್ಪೇನಿನವರೂ ಅದೇ ಕಾಲದಲ್ಲಿ 80 ವರ್ಷ ಬಡಿದಾಡಿಕೊಂಡರು. ಅದನ್ನು ಯಾರೂ "ಬಿಳಿಯರು ತಮ್ಮವರನ್ನೇ ಕೊಂದರು" ಅಂತ ಪಾಠ ಮಾಡುವುದಿಲ್ಲ. ಇಲ್ಲಿಯೂ ಅದೇ ನ್ಯಾಯ ಇರಬೇಕು.

ಇಷ್ಟು ಹೇಳಿದ ಮೇಲೆ ಮೊನ್ನೆಬಾಗೆ ಕ್ಷಮೆ ಕೊಟ್ಟಂತಾಯಿತೇ? ಖಂಡಿತ ಇಲ್ಲ. ಬೇರೆ ಕುಲದವನಾದರೂ ಮಾರಿದ್ದು ಮನುಷ್ಯನನ್ನೇ. ಡುವಾಲಾ ಸಮಾಜದ ಒಳಗೂ ಗುಲಾಮರಿದ್ದರು. ಡುವಾಲಾ ಭಾಷೆಯಲ್ಲಿ ಗುಲಾಮನಿಗೆ "ಮುಕೊಮ್" ಅನ್ನುತ್ತಾರೆ, ಸ್ವಾತಂತ್ರ್ಯಕ್ಕೆ "ವೊಂಜಾ". ಎರಡಕ್ಕೂ ಬೇರೆ ಬೇರೆ ಪದ ಇದ್ದ ಜನಕ್ಕೆ ಆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಹೊಣೆಯನ್ನು ತೂಗುವಾಗ ವ್ಯಾಪಾರ ಹಿಗ್ಗಿದ್ದು ಯಾರಿಂದ ಅಂತ ನೋಡಬೇಕು. ಹುಡುಗನಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಇದು ಅಂತ ನನಗನ್ನಿಸುತ್ತದೆ. ಮೊನ್ನೆಬಾನ ಕಾಲವನ್ನೇ ತೆಗೆದುಕೊಳ್ಳಿ. 1621ರಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪನಿ ಹುಟ್ಟಿತು. 1630ರಲ್ಲಿ ಅವರು ಬ್ರೆಜಿಲಿನ ಪೆರ್ನಾಂಬುಕೊವನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ಅಲ್ಲಿ ಕಬ್ಬಿನ ತೋಟಗಳು. ಕಬ್ಬು ಕಡಿಯಲು, ಗಾಣ ತಿರುಗಿಸಲು ಆಳು ಬೇಕು. ಅದಕ್ಕೇ 1637ರಲ್ಲಿ ಆಫ್ರಿಕಾ ದಂಡೆಯ ಎಲ್ಮಿನಾ ಕೋಟೆ, 1641ರಲ್ಲಿ ಲುವಾಂಡಾ, ಒಂದಾದ ಮೇಲೊಂದು ಹಿಡಿದರು. ಕ್ಯಾಮರೂನ್ ನದಿಯ ಹಿರಿಯನ ಹೆಸರು ಡಚ್ಚರ ಕಾಗದಕ್ಕೆ ಬಂದದ್ದೂ ಈ ಕಾಲದಲ್ಲೇ. ಬ್ರೆಜಿಲಿನಲ್ಲಿ ಕಬ್ಬು ಬೆಳೆಯಬೇಕು ಅಂತ ತೀರ್ಮಾನ ಮಾಡಿದವನು ಮೊನ್ನೆಬಾ ಅಲ್ಲ. ಬ್ರೆಜಿಲ್ ಎಲ್ಲಿದೆ ಅಂತಲೂ ಅವನಿಗೆ ತಿಳಿದಿರಲಾರದು. ಹಡಗು ಕಟ್ಟಿಸಿದವರು, ಬಂಡವಾಳ ಹಾಕಿದವರು, ವಿಮೆ ಮಾಡಿಸಿದವರು, ಸಕ್ಕರೆ ಮಾರಿ ಲಾಭ ಎಣಿಸಿದವರು ಬೇರೆ.

ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಬರೆಯಿರಿ. ನಾಲ್ಕು ಶತಮಾನಗಳಲ್ಲಿ ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ. ಆಚೆ ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಜನ ನೀರಿನ ಮೇಲೇ ಸತ್ತರು. ಡುವಾಲಾಗಳ ಅಳಿವೆ ಬಯಾಫ್ರಾ ಕೊಲ್ಲಿಯ ಭಾಗ. ಆ ಕೊಲ್ಲಿಯೊಂದರಿಂದಲೇ ಸುಮಾರು 16 ಲಕ್ಷ ಜನ ಹೋದರು. ಅದರಲ್ಲಿ ಬಹುಪಾಲು ಈಗಿನ ನೈಜೀರಿಯಾದ ಬೊನ್ನಿ, ಕಲಬಾರ್ ಬಂದರುಗಳಿಂದ. ಕ್ಯಾಮರೂನ್ ನದಿಯ ಪಾಲು ಚಿಕ್ಕದು. ಅದೂ ಜೋರಾಗಿದ್ದು ಮೊನ್ನೆಬಾ ಸತ್ತು ಎಷ್ಟೋ ವರ್ಷದ ಮೇಲೆ, 18ನೇ ಶತಮಾನದ ಉತ್ತರಾರ್ಧದಲ್ಲಿ. ಆಗ ದೋ ಅ ಮಾಕೊಂಗೊ, ಅವನ ಮಗ ಬೆಲೆ ಅ ದೋ ಮುಖ್ಯಸ್ಥರು. ಆನೆದಂತ ಹಿಂದೆ ಸರಿದು ಮನುಷ್ಯರೇ ಮುಖ್ಯ ಸರಕಾದರು.

ವ್ಯಾಪಾರ ನಡೆಯುತ್ತಿದ್ದದ್ದು ಸಾಲದ ಮೇಲೆ. ಹಡಗಿನ ಕಪ್ತಾನ ಬಟ್ಟೆ, ಕಬ್ಬಿಣ, ಬಂದೂಕು, ಮದ್ಯ ಮುಂಗಡವಾಗಿ ಕೊಡುತ್ತಿದ್ದ. ಇದಕ್ಕೆ ಇಂಗ್ಲಿಷರು "ಟ್ರಸ್ಟ್" ಅನ್ನುತ್ತಿದ್ದರು, ನಂಬಿಕೆಯ ಸಾಲ. ಹಿರಿಯ ಆ ಸರಕನ್ನು ನದಿ ಮೇಲಕ್ಕೆ ಕಳಿಸಬೇಕು, ಬದಲಿಗೆ ಜನರನ್ನು ತರಬೇಕು. ಬಯಾಫ್ರಾ ಕೊಲ್ಲಿಯ ಬಂದರುಗಳಲ್ಲಿ ಎಷ್ಟೋ ಸಲ ಸಾಲಕ್ಕೆ ಒತ್ತೆಯಾಗಿ ಮನೆಯವರನ್ನೇ ಹಡಗಿನಲ್ಲಿ ಬಿಡಬೇಕಿತ್ತು. ಹೇಳಿದ ದಿನಕ್ಕೆ ಜನ ಬರಲಿಲ್ಲ ಅಂದರೆ ಒತ್ತೆಯವರನ್ನೇ ಹೊತ್ತು ಹಡಗು ಹೊರಟುಬಿಡುವ ಭಯ. ಒಮ್ಮೆ ಸಾಲ ತೆಗೆದುಕೊಂಡ ಮೇಲೆ ಹೊರಬರುವುದು ಕಷ್ಟ. ಬೇಡ ಅಂದರೆ ಪಕ್ಕದ ಕೇರಿಯವನು ಕಾಯುತ್ತಿದ್ದಾನೆ, ಬಂದೂಕು ಅವನ ಕೈಗೆ ಹೋಗುತ್ತದೆ.

ಬಟ್ಟೆ ಅಂದೆನಲ್ಲ, ಅಲ್ಲಿ ನಮ್ಮ ದೇಶದ ಎಳೆಯೂ ಸೇರಿದೆ. ಗುಲಾಮ ಹಡಗುಗಳು ಆಫ್ರಿಕಾಕ್ಕೆ ಹೊತ್ತೊಯ್ದ ಸರಕಿನಲ್ಲಿ ಕೋರಮಂಡಲ ಕರಾವಳಿಯ, ಗುಜರಾತಿನ ಹತ್ತಿಬಟ್ಟೆಗೆ ದೊಡ್ಡ ಜಾಗ ಇತ್ತು. ನೀಲಿ ಬಣ್ಣದ ಆ ಬಟ್ಟೆಗೆ "ಗಿನಿ ಬಟ್ಟೆ" ಅಂತಲೇ ಹೆಸರು ಬಿದ್ದಿತ್ತು. ನೇಯ್ದವರಿಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲ.

ಬ್ರಿಟನ್ 1807ರಲ್ಲಿ ಗುಲಾಮ ವ್ಯಾಪಾರ ನಿಲ್ಲಿಸಿತು. 1827ರಲ್ಲಿ ಡುವಾಲಾ ಎದುರಿನ ಫರ್ನಾಂಡೊ ಪೊ ದ್ವೀಪದಲ್ಲಿ ಗುಲಾಮ ಹಡಗು ಹಿಡಿಯುವ ನೆಲೆ ಮಾಡಿತು. 1840 ಮತ್ತು 1841ರಲ್ಲಿ ಕಿಂಗ್ ಬೆಲ್, ಕಿಂಗ್ ಅಕ್ವಾ ಇಬ್ಬರೂ ಮಾರಾಟ ನಿಲ್ಲಿಸುವ ಒಪ್ಪಂದಕ್ಕೆ ಗುರುತು ಹಾಕಿದರು. ಬದಲಿಗೆ ಉಡುಗೊರೆ ಸಿಗುತ್ತಿತ್ತು. ಉಡುಗೊರೆ ಏನು ಗೊತ್ತಾ? ಮತ್ತದೇ ಬಂದೂಕು, ಬಟ್ಟೆ, ಮದ್ಯ. ಮುಂದಿನ ಸರಕು ತಾಳೆಎಣ್ಣೆ. ಹಡಗಿಗೆ ಮಾರುವುದು ನಿಂತರೂ ಒಳಗಿನ ಗುಲಾಮಗಿರಿ ನಿಲ್ಲಲಿಲ್ಲ. ನದಿ ಮೇಲಿನ ಹೊಲಗಳಲ್ಲಿ ದುಡಿದವರೂ ದೋಣಿಗೆ ಹುಟ್ಟು ಹಾಕಿದವರೂ ಹೆಚ್ಚಾಗಿ ಅವರೇ.

ಮಾರಿದವರ ಹೆಸರು, ಕೊಂಡವರ ಹೆಸರು ಕಾಗದದಲ್ಲಿ ಉಳಿಯಿತು. ಮಾರಾಟವಾದವರ ಹೆಸರು ಅಳಿಸಿಹೋಯಿತು. ಈ ಇತಿಹಾಸ ಓದುವಾಗೆಲ್ಲ ನನಗೆ ಸಂಕಟವಾಗುವುದು ಇಲ್ಲೇ. ಒಂದೆರಡು ಕಡೆ ಮಾತ್ರ ಅವರ ದನಿ ಕೇಳುತ್ತದೆ. ಬ್ರಿಟಿಷ್ ನೌಕೆಗಳು ಹಿಡಿದ ಹಡಗುಗಳಿಂದ ಬಿಡಿಸಿದವರನ್ನು ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಇಳಿಸುತ್ತಿದ್ದರು. 1850ರ ಸುಮಾರಿಗೆ ಕೋಯೆಲ್ಲೆ ಎಂಬ ಜರ್ಮನ್ ಪಾದ್ರಿ ಅಲ್ಲಿ ಕೂತು ಅವರ ಭಾಷೆಗಳ ಪದ ಬರೆದುಕೊಂಡ. ನೂರಕ್ಕೂ ಜಾಸ್ತಿ ಭಾಷೆಗಳು. ಕ್ಯಾಮರೂನಿನ ಬೆಟ್ಟಸೀಮೆಯವರೂ ಅವರಲ್ಲಿದ್ದರು. ತಾವು ಯಾವ ಊರಿನವರು, ಹೇಗೆ ಸೆರೆಯಾದೆವು ಅಂತ ಹೇಳಿದರು. ತಲೆ, ಕೈ, ನೀರು, ಬೆಂಕಿಗೆ ತಮ್ಮ ಮನೆಯಲ್ಲಿ ಏನನ್ನುತ್ತಿದ್ದರು ಅಂತ ವರ್ಷಗಟ್ಟಲೆ ಆದ ಮೇಲೂ ನೆನಪಿಟ್ಟು ಹೇಳಿದರು. ಇನ್ನೊಂದು ಕಡೆ, 1840ರ ದಶಕದಲ್ಲಿ ಡುವಾಲಾ ಪಕ್ಕದ ಬಿಂಬಿಯಾಕ್ಕೆ ಜೋಸೆಫ್ ಮೆರಿಕ್ ಎಂಬವರು ಬಂದರು. ಜಮೈಕಾದ ಕಪ್ಪು ಜನಾಂಗದ ಬ್ಯಾಪ್ಟಿಸ್ಟ್ ಬೋಧಕರು. ಗುಲಾಮರನ್ನು ಹಡಗು ಹತ್ತಿಸಿದ ಅದೇ ದಂಡೆಯಲ್ಲಿ ಶಾಲೆ ತೆರೆದರು, ಅಲ್ಲಿನ ಭಾಷೆ ಕಲಿತು ಬೈಬಲ್ಲಿನ ಭಾಗಗಳನ್ನು ಅದಕ್ಕೆ ತಂದರು.

ಮುಂದೆ 1884ರ ಜುಲೈ 12ರಂದು ಬೆಲ್, ಅಕ್ವಾ ಮನೆತನದವರು ತಮ್ಮ ನಾಡನ್ನು ಜರ್ಮನ್ನರ ಆಳ್ವಿಕೆಗೆ ಒಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಿದರು. 1914ರ ಆಗಸ್ಟ್ 8ರಂದು ಅದೇ ಬೆಲ್ ಮನೆತನದ ರುಡಾಲ್ಫ್ ಡುವಾಲಾ ಮಂಗಾ ಬೆಲ್ ಅವರನ್ನು, ಜನರ ಜಮೀನು ಕಿತ್ತುಕೊಳ್ಳುವುದನ್ನು ವಿರೋಧಿಸಿದ್ದಕ್ಕೆ, ಜರ್ಮನ್ನರು ಗಲ್ಲಿಗೇರಿಸಿದರು. ಅದು ಇನ್ನೊಂದು ದೊಡ್ಡ ಕಥೆ. ಕನ್ನಡಿಗರಿಗೆ ಪರಿಚಯದ ಒಂದು ಹೆಸರೂ ಅಲ್ಲಿ ಬರುತ್ತದೆ, ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಅದೇ ಮಿಷನ್ 1886ರಲ್ಲಿ ಡುವಾಲಾಕ್ಕೂ ಹೋಯಿತು. ಇಲ್ಲಿ ಕನ್ನಡ, ತುಳು ಕಲಿತ ಹಾಗೆ ಅಲ್ಲಿ ಡುವಾಲಾ ಭಾಷೆ ಕಲಿತು ಶಾಲೆ ನಡೆಸಿತು.

ಕೊನೆಗೆ ಸಿದ್ದಿಗಳ ಮಾತು. ಇಲ್ಲ ಮೇಷ್ಟ್ರೇ, ಅವರ ಹಿರಿಯರು ಬಂದದ್ದು ಆಫ್ರಿಕಾದ ಇನ್ನೊಂದು ಬದಿಯಿಂದ. ಡುವಾಲಾ ಇರುವುದು ಅಟ್ಲಾಂಟಿಕ್ ಕಡೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗದ ಸಿದ್ದಿಗಳ ಮೂಲ ಹಿಂದೂ ಮಹಾಸಾಗರದ ಕಡೆಯ ಪೂರ್ವ ಆಫ್ರಿಕಾ. ಅವರಲ್ಲಿ ಹೆಚ್ಚಿನವರ ಪೂರ್ವಜರನ್ನು ಪೋರ್ಚುಗೀಸರು ಗೋವಾಕ್ಕೆ ತಂದರು, ಮೊಜಾಂಬಿಕ್ ಕಡೆಯಿಂದಲೂ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಡುವಾಲಾ ಅಳಿವೆಗೆ ಮೊದಲು ಬಂದ ಪೋರ್ಚುಗೀಸರೇ ಗೋವಾದಲ್ಲೂ ಇದ್ದರು, ಎರಡೂ ಕಥೆ ಮುಟ್ಟುವುದು ಅಷ್ಟರಲ್ಲೇ.

ನಿಮ್ಮ ಕ್ಲಾಸಿನಲ್ಲಿ ಸಿದ್ದಿ ಮಕ್ಕಳೂ ಇರಬಹುದು. "ತಮ್ಮವರನ್ನೇ ಮಾರಿದರು" ಅನ್ನೋ ಮಾತು ಅವರ ಕಿವಿಗೆ ಹೇಗೆ ಬೀಳುತ್ತದೆ ಅಂತ ಒಮ್ಮೆ ಯೋಚಿಸಿ. ಮುಂದಿನ ಪಾಠದ ದಿನ ಒಂದು ದೊಡ್ಡ ನಕಾಶೆ ತೂಗುಹಾಕಿ. ಆ ಹುಡುಗನನ್ನೇ ಕರೆದು ಬೆಟ್ಟಸೀಮೆಯಿಂದ ನದಿಗೆ, ನದಿಯಿಂದ ಅಳಿವೆಗೆ, ಅಳಿವೆಯಿಂದ ಬ್ರೆಜಿಲಿಗೆ, ಬ್ರೆಜಿಲಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಗೆರೆ ಎಳೆಸಿ. ಯಾವ ಯಾವ ತಿರುವಿನಲ್ಲಿ ಯಾರು ನಿಂತಿದ್ದರು, ಯಾರಿಗೆ ಏನು ಸಿಕ್ಕಿತು ಅಂತ ಅವನೇ ಬರೆಯಲಿ. ಬರೆದದ್ದನ್ನು ನನಗೂ ಕಳಿಸಿ, ಓದಲು ನಿಜವಾಗಿಯೂ ಆಸೆಯಿದೆ.